ತೊಟ್ಟಿಲ ಹಿಂದಿನ ಗೋಡೆ

ಕೂಟಗಲ್ ಸೀಮೆಯಲ್ಲಿ ಮಗುವಿಗಾಗಿ ಹರಕೆಯೆಂದರೆ ದೊಡ್ಡಮಳೂರು. ಚನ್ನಪಟ್ಟಣದಿಂದ ಮೈಸೂರು ಕಡೆಗೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿರುವ ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿ ಮೂಲದೇವರು ಅಪ್ರಮೇಯ. ಆದರೆ ಹೆಚ್ಚಿನವರು ಬರುವುದು ಒಳಗಿನ ಸಣ್ಣ ಗುಡಿಯ ಅಂಬೆಗಾಲು ಕೃಷ್ಣನಿಗಾಗಿ. ಬೆಣ್ಣೆ ತರುತ್ತಾರೆ, ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಪುರಂದರದಾಸರು ಇವನನ್ನು ಕಂಡೇ ಹಾಡಿದರೆಂಬ ನಂಬಿಕೆಯೂ ಇದೆ.

ಈ ವಿಗ್ರಹ ಅಷ್ಟು ಪ್ರೀತಿಗೆ ಯೋಗ್ಯವಾದದ್ದೇ. ಹದಿಮೂರನೆಯ ಶತಮಾನದ ಸೋಮನಾಥಪುರದ ವೇಣುಗೋಪಾಲನ ಸುತ್ತ ಗೋವು, ಗೋಪಿಯರು, ಮರ ಎಲ್ಲ ನೆರೆದಿವೆ. ಅಲ್ಲಿ ಕೃಷ್ಣ ನಿಂತಿದ್ದಾನೆ, ನಾವು ತಲೆಯೆತ್ತಿ ನೋಡುತ್ತೇವೆ. ಇಲ್ಲಿ ಅವನೊಬ್ಬನೇ ನೆಲಕ್ಕೆ ಕೈಯೂರಿದ್ದಾನೆ, ಬಗ್ಗಬೇಕಾದವರು ನಾವು. ಒಂದು ಕೈಯಲ್ಲಿ ಬೆಣ್ಣೆಯುಂಡೆ. ಕೂಸುಗಳನ್ನು ಸಾಕಿದ ಯಾರಿಗಾದರೂ ಗೊತ್ತು: ಕೈಯಲ್ಲಿ ಏನಾದರೂ ಹಿಡಿದ ಮಗು ಕೆಲವೊಮ್ಮೆ ಮುಂದಕ್ಕೂ ತೆವಳದು, ಹಿಡಿದದ್ದನ್ನೂ ಬಿಡದು. ಅರೆಗಳಿಗೆ ಹಾಗೇ ನಿಂತು ಮುಖವೆತ್ತುತ್ತದೆ. ಶಿಲ್ಪಿ ಕಡೆದಿರುವುದು ಆ ಅರೆಗಳಿಗೆಯನ್ನು. ಮನೆಯಲ್ಲಿ ಮಕ್ಕಳನ್ನು ಕಣ್ತುಂಬ ನೋಡಿದವನ ಕೆಲಸವಿದು.

ನನ್ನ ತಕರಾರು ನಮ್ಮ ದರ್ಶನದ ರೀತಿಯ ಬಗ್ಗೆ. ಮಂಗಳಾರತಿ ಆಗುತ್ತಲೇ ಚಪ್ಪಲಿ ಹುಡುಕುತ್ತೇವೆ, ಕಲ್ಲಿನ ಮೇಲಿನ ಬರಹದತ್ತ ನೋಡುವುದಿಲ್ಲ. ದೊಡ್ಡಮಳೂರು, ಮಳೂರುಪಟ್ಟಣ, ಕೂಡ್ಲೂರು, ಈ ಸುತ್ತಿನ ಊರುಗಳಲ್ಲೆಲ್ಲ ಚೋಳರ ಕಾಲದ ತಮಿಳು ಶಾಸನಗಳಿವೆ. ಗಂಗವಾಡಿ ಅವರ ಕೈಸೇರಿ, ವಿಷ್ಣುವರ್ಧನ 1116ರ ಹೊತ್ತಿಗೆ ತಲಕಾಡನ್ನು ಗೆಲ್ಲುವವರೆಗಿನ ಒಂದು ಶತಮಾನದ ಬದುಕು ಆ ಅಕ್ಷರಗಳಲ್ಲಿದೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟ 1905ರಲ್ಲೇ ಚನ್ನಪಟ್ಟಣ, ಮಾಗಡಿ, ಕನಕಪುರ ಸೀಮೆಯ ಶಾಸನಗಳನ್ನು ಅಚ್ಚುಹಾಕಿತು. ಪುಸ್ತಕದಲ್ಲಿ ಓದಿಗೆ ಸಿಕ್ಕದ್ದು ಗುಡಿಯ ಎದುರು ನಿಂತವನಿಗೆ ಇನ್ನೂ ಗೀಚಿದ ಗೆರೆಗಳಾಗಿಯೇ ಉಳಿದಿದೆ. ಲಿಪಿ ತಮಿಳಿನದೆಂದು ‘ನಮ್ಮದಲ್ಲ’ ಎನ್ನುವವರನ್ನೂ ಕಂಡಿದ್ದೇನೆ. ಆ ಮಾತು ನೋಯಿಸುತ್ತದೆ. ಕಲ್ಲು ನಮ್ಮೂರಿನದು, ಅದರಲ್ಲಿ ಹೆಸರಿರುವ ಗದ್ದೆ ಕೆರೆಗಳೂ ನಮ್ಮೂರಿನವೇ.

ದಾನಶಾಸನಗಳಲ್ಲಿ ಸಾಮಾನ್ಯವಾಗಿ ಇರುವುದೇನು? ಯಾರೋ ಗುಡಿಗೆ ನೆಲ ಬಿಟ್ಟರು, ನಂದಾದೀಪದ ತುಪ್ಪಕ್ಕೆಂದು ಆಕಳು ಕೊಟ್ಟರು, ಇದನ್ನು ಅಳಿಸಿದವನಿಗೆ ಪಾಪ ತಟ್ಟಲಿ ಎಂದರು. ಇವತ್ತು ತೊಟ್ಟಿಲು ಕಟ್ಟುವ ಹೆಣ್ಣುಮಗಳು ಮಾಡುತ್ತಿರುವುದೂ ಅದೇ ಅಲ್ಲವೇ? ಅವಳ ಹೆಸರನ್ನು ಯಾರೂ ಕಲ್ಲಿಗೆ ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ. ಸೇವಾ ದರದ ಪಟ್ಟಿ ಪ್ರತಿ ಗುಡಿಯಲ್ಲೂ ದೊಡ್ಡಕ್ಷರದಲ್ಲಿರುತ್ತದೆ. ಅದರ ಪಕ್ಕದಲ್ಲಿ ಶಾಸನದ ತಿರುಳನ್ನು ನಾಲ್ಕು ಸಾಲಿನ ಸರಳ ಕನ್ನಡದಲ್ಲಿ ಹಾಕಲಿ: ಯಾರು, ಏನು ಕೊಟ್ಟರು, ಯಾತಕ್ಕೆ. ಪ್ರದಕ್ಷಿಣೆಗೆ ಹೊರಟವಳು ಒಂದು ಗಳಿಗೆ ಅಲ್ಲಿ ನಿಂತು ಓದಿಕೊಳ್ಳುತ್ತಾಳೆ.