ಕೀಲಿಕೈ ಯಾರಿಗಾಗಿ ಬಿದ್ದಿದೆ?

ಶೃಂಗಾರದ ಕಾದಂಬರಿ ಸಿನಿಮಾ ಆಯಿತೆಂದರೆ ಎಷ್ಟು ತೋರಿಸಿದ್ದಾರೆ ಎಂದು ಅಳೆಯುವುದು ರೂಢಿ. ಹೊಸ ರಸಿಕರು ಮೊದಲು ಬಿಡಬೇಕಾದ್ದು ಈ ಅಳತೆಗೋಲನ್ನೇ. ಪುಸ್ತಕದ ಕಾವು ಎಲ್ಲಿಂದ ಹುಟ್ಟಿತ್ತು, ಆ ಜಾಗದಲ್ಲಿ ತೆರೆಯ ಮೇಲೆ ಏನು ಬಂದಿದೆ ಎಂದು ನೋಡಿ. ಜುನಿಚಿರೊ ತಾನಿಝಾಕಿ 1956ರಲ್ಲಿ ಬರೆದ ‘ಕಗಿ’ (ಎಂದರೆ ಕೀಲಿಕೈ) ಇದಕ್ಕೆ ಒಳ್ಳೆಯ ಪಾಠ. ಐವತ್ತಾರರ ಪ್ರೊಫೆಸರ್ ದಿನಚರಿ ಬರೆದು ಬೀಗ ಹಾಕುತ್ತಾನೆ, ಕೀಲಿಕೈಯನ್ನು ಹೆಂಡತಿಯ ಕಣ್ಣಿಗೆ ಬೀಳುವಂತೆ ಕೆಡವುತ್ತಾನೆ. ಹೆಂಡತಿ ಇಕುಕೊ ತಾನು ಅದನ್ನು ಓದುವುದಿಲ್ಲ ಎಂದು ತನ್ನ ದಿನಚರಿಯಲ್ಲಿ ಬರೆಯುತ್ತಾಳೆ. ಅವನದು ಕಟಕಾನ ಲಿಪಿ, ಅವಳದು ಹಿರಗಾನ. ಜಪಾನಿ ಓದುಗನಿಗೆ ಪುಟ ತೆರೆದೊಡನೆ ಯಾರ ಮಾತೆಂದು ಗೊತ್ತಾಗುತ್ತದೆ. ಒಂದೇ ಲಿಪಿಯ ನಮ್ಮ ಕನ್ನಡಕ್ಕೆ ಈ ಸುಖವಿಲ್ಲ. ಇಲ್ಲಿ ಶೃಂಗಾರವಿರುವುದು ಮೈಯಲ್ಲಲ್ಲ, ಕದ್ದು ಓದುವುದರಲ್ಲಿ. ಇಬ್ಬರ ಬರಹವನ್ನೂ ಓದುವ ನಾವೂ ಕಳ್ಳರೇ.

1959ರಲ್ಲಿ ಕೋನ್ ಇಚಿಕಾವಾ ಇದನ್ನು ಚಿತ್ರವಾಗಿಸಿದಾಗ ದಿನಚರಿಗಳ ಚೌಕಟ್ಟನ್ನೇ ಕೈಬಿಟ್ಟರು. ಕಾದಂಬರಿಯ ಜೀವವೇ ಹೋಯಿತಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಮೇಲ್ನೋಟಕ್ಕೆ ಅದು ಸರಿಯೇ. ಆದರೆ ಚಿತ್ರದ ಆರಂಭ ನೋಡಿ: ತತ್ಸುಯಾ ನಕದಾಯಿ ಮಾಡಿದ ಯುವ ವೈದ್ಯ ನೇರ ಕ್ಯಾಮೆರಾ ನೋಡಿ ಮುಪ್ಪಿನ ಬಗ್ಗೆ ನಮಗೆ ಹೇಳುತ್ತಾನೆ, ಮರುಕ್ಷಣ ತಿರುಗಿ ಕತೆಯೊಳಗಿನ ಕೆಲಸಕ್ಕೆ ತೊಡಗುತ್ತಾನೆ. ನೋಡುಗ ಕದ್ದು ನೋಡುವವನೆಂದು ಅಲ್ಲಿಗೇ ತೀರ್ಮಾನವಾಯಿತು. ಓದುವ ಕಳ್ಳತನದ ಜಾಗಕ್ಕೆ ನೋಡುವ ಕಳ್ಳತನ ಬಂತು. ಹೆಂಡತಿಯಾಗಿ ನಟಿಸಿದ ಮಾಚಿಕೊ ಕ್ಯೋ ಅವರ ಮುಖವಾಡದಂಥ ಮೇಕಪ್ಪು ದಿನಚರಿಯ ಸುಳ್ಳನ್ನು ಮುಖಕ್ಕೆ ತಂದಿತು: ಆ ಹೆಂಗಸಿಗೆ ಎಷ್ಟು ಗೊತ್ತು ಎಂದು ಕೊನೆಯವರೆಗೂ ಹಿಡಿಯಲಾಗದು. ಅಂದಿನ ಸೆನ್ಸಾರಿನಿಂದಾಗಿ ಇಷ್ಟು ಸಂಯಮ, ಕಲೆಯಿಂದಲ್ಲ ಎನ್ನುವವರಿಗೆ ಟಿಂಟೊ ಬ್ರಾಸ್ 1983ರಲ್ಲಿ ಇದೇ ಕಾದಂಬರಿಯನ್ನು ವೆನಿಸ್‌ಗೆ ಸಾಗಿಸಿ ಮಾಡಿದ ಚಿತ್ರ ತೋರಿಸಬೇಕು. ಅಲ್ಲಿ ದಿನಚರಿಗಳಿವೆ, ಮೈಯೂ ಧಾರಾಳ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಎಲ್ಲವೂ ವಾಚ್ಯ, ಬಾಯಿಬಿಟ್ಟು ಹೇಳಿದ್ದು; ಧ್ವನಿಗೆ, ಎಂದರೆ ಸೂಚನೆಗೆ, ಎಡೆಯೇ ಇಲ್ಲ.

ಇಚಿಕಾವಾ ಬದಲಿಸಿದ ಕೊನೆ ಮಾತ್ರ ವಿವಾದದ್ದು. (ಅದನ್ನು ಹೇಳದೆ ವಾದ ನಿಲ್ಲದು, ಚಿತ್ರ ನೋಡದವರು ಮನ್ನಿಸಬೇಕು.) ಗಂಡ ಸತ್ತ ಮೇಲೆ ಮುದುಕಿ ಕೆಲಸದಾಕೆ ಉಳಿದ ಮೂವರಿಗೂ (ಹೆಂಡತಿ, ಮಗಳು, ಯುವ ವೈದ್ಯ) ವಿಷ ಹಾಕುತ್ತಾಳೆ. ಇದು ಒರಟು ಎಂಬುದನ್ನು ಒಪ್ಪುತ್ತೇನೆ. ಆದರೂ ಕಾದಂಬರಿಯ ಕೊನೆಯೊಂದಿಗೆ ಇಟ್ಟು ನೋಡಿ. ಅಲ್ಲಿ ಇಕುಕೊ ತಾನು ಬರೆದದ್ದರಲ್ಲಿ ಸುಳ್ಳಿತ್ತೆಂದು ಒಪ್ಪಿಕೊಳ್ಳುತ್ತಾಳೆ. ಆ ಸುಳ್ಳನ್ನು ಗಂಡ ಆಸೆಯಿಂದ ಓದಿದ್ದ. ಇಲ್ಲಿ ಕೆಲಸದಾಕೆ ತಾನೇ ಕೊಂದೆನೆಂದು ಪೊಲೀಸರಿಗೆ ಹೇಳುತ್ತಾಳೆ, ಅವರು ನಂಬುವುದಿಲ್ಲ.