ಒಲೆ, ಪಾಲು ಮತ್ತು ವ್ಯಕ್ತಿ: ಕುಟುಂಬ ಕುರಿತ ಸಮಾಜಶಾಸ್ತ್ರೀಯ ಚಿಂತನೆಯ ಮರುಪರಿಶೀಲನೆ

ಆಧುನಿಕತೆ ಬಲಗೊಂಡಂತೆ ಅವಿಭಕ್ತ ಕುಟುಂಬ ಒಡೆಯುತ್ತದೆ, ಅದರೊಳಗೆ ಹುದುಗಿದ್ದ ವ್ಯಕ್ತಿ ಹೊರಬರುತ್ತಾನೆ ಎಂಬ ನಿಲುವು ಕುಟುಂಬ ಸಮಾಜಶಾಸ್ತ್ರದಲ್ಲಿ ದೀರ್ಘಕಾಲ ಬೇರೂರಿತ್ತು. ಎಮಿಲ್ ಡರ್ಖೈಮ್ ಅವರು 1892ರ ಉಪನ್ಯಾಸದಲ್ಲಿ ಕುಟುಂಬವು ದಂಪತಿಗಳು ಮತ್ತು ಅಪ್ರಾಪ್ತ ಮಕ್ಕಳ ಘಟಕವಾಗಿ ಕಿರಿದಾಗುತ್ತಿರುವುದನ್ನು ಗುರುತಿಸಿದ್ದರು. ಕೈಗಾರಿಕೀಕರಣದೊಂದಿಗೆ ಜಗತ್ತಿನ ಕುಟುಂಬ ವ್ಯವಸ್ಥೆಗಳೆಲ್ಲ ದಾಂಪತ್ಯಕೇಂದ್ರಿತ ಮಾದರಿಯತ್ತ ಸಾಗುತ್ತವೆಂದು ವಿಲಿಯಂ ಗೂಡ್ 1963ರಲ್ಲಿ ವಾದಿಸಿದರು. ಈ ನಿಲುವಿನಲ್ಲಿ ಎರಡು ಭಿನ್ನ ಸಂಗತಿಗಳು ಬೆರೆತುಹೋಗಿವೆ: ಒಲೆ ಬೇರೆಯಾಗುವುದು ಒಂದು, ವ್ಯಕ್ತಿ ಸ್ವತಂತ್ರವಾಗುವುದು ಇನ್ನೊಂದು.

ಭಾರತೀಯ ವಿದ್ವಾಂಸರು ಈ ಬೆರಕೆಯನ್ನು ಬಹಳ ಹಿಂದೆಯೇ ಪ್ರಶ್ನಿಸಿದ್ದಾರೆ. ಗುಜರಾತಿನ ಮಹುವಾ ಪಟ್ಟಣವನ್ನು ಕುರಿತ 1964ರ ಕೃತಿಯಲ್ಲಿ ಐ.ಪಿ. ದೇಸಾಯಿ ಅವರು, ಬೇರೆ ಬೇರೆ ಸೂರಿನಡಿ ವಾಸಿಸುವವರೂ ಆಸ್ತಿ ಮತ್ತು ಪರಸ್ಪರ ಹೊಣೆಗಾರಿಕೆಗಳ ಮೂಲಕ ಕೂಡಿಯೇ ಇರಬಲ್ಲರೆಂದು ತೋರಿಸಿದರು. ಎ.ಎಂ. ಷಾ ಅವರು 1973ರಲ್ಲಿ ಮನೆವಾರ್ತೆ ಮತ್ತು ಕುಟುಂಬಗಳನ್ನು ಪ್ರತ್ಯೇಕ ಪರಿಕಲ್ಪನೆಗಳಾಗಿ ಬಿಡಿಸಿದರು. ಅವರು ಬಳಸಿಕೊಂಡ 1825ರ ಗ್ರಾಮದಾಖಲೆಯಲ್ಲಿ ಸಣ್ಣ ಮನೆವಾರ್ತೆಗಳೇನೂ ಅಪರೂಪವಾಗಿರಲಿಲ್ಲ. ಕನ್ನಡದ ಹಳ್ಳಿಗರಿಗೆ ಈ ವ್ಯತ್ಯಾಸ ಪರಿಚಿತವೇ. ಅವರ ಮಾತಿನಲ್ಲಿ 'ಒಲೆ ಬೇರೆ ಮಾಡಿಕೊಂಡರು' ಎಂಬುದೂ 'ಪಾಲಾದರು' ಎಂಬುದೂ ಒಂದೇ ಅಲ್ಲ. ಸೂತಕ ಇವೆರಡನ್ನೂ ದಾಟಿ ತಟ್ಟುತ್ತದೆ.

ಉಲ್ರಿಚ್ ಬೆಕ್ ಅವರ ಚಿಂತನೆಯನ್ನು ಇದೇ ಹಿನ್ನೆಲೆಯಲ್ಲಿ ಓದಬೇಕು. 1986ರ ಕೃತಿಯಲ್ಲೂ, ಎಲಿಜಬೆತ್ ಬೆಕ್-ಗರ್ನ್‌ಶೀಮ್ ಅವರೊಡನೆ 1990ರಲ್ಲಿ ಪ್ರಕಟಿಸಿದ ಪ್ರೇಮ ಕುರಿತ ಕೃತಿಯಲ್ಲೂ ಅವರು ಮಂಡಿಸಿದ ಪರಿಕಲ್ಪನೆಯನ್ನು 'ವ್ಯಕ್ತಿವಾದ' ಎಂದು ಕನ್ನಡಿಸಿದರೆ ಅದು ಸ್ವಾರ್ಥದ ಅರ್ಥಕ್ಕೆ ಜಾರುತ್ತದೆ. 'ವೈಯಕ್ತೀಕರಣ'ವೇ ಹೆಚ್ಚು ಸೂಕ್ತ. ಶಿಕ್ಷಣ, ಕೂಲಿ ಮಾರುಕಟ್ಟೆ, ಸಾಮಾಜಿಕ ವಿಮೆಗಳು ವ್ಯಕ್ತಿಯನ್ನೇ ಘಟಕವಾಗಿ ಪರಿಗಣಿಸುವುದರಿಂದ, ತನ್ನ ಬದುಕನ್ನು ತಾನೇ ರೂಪಿಸಿಕೊಳ್ಳುವುದು ಆತನಿಗೆ ಅನಿವಾರ್ಯವಾಗುತ್ತದೆ ಎಂಬುದು ಬೆಕ್ ಅವರ ವಾದ. ಜರ್ಮನಿಯ ಕಲ್ಯಾಣರಾಜ್ಯದ ಅನುಭವವೇ ಇದರ ನೆಲೆ. ಮುಪ್ಪು, ಕಾಯಿಲೆ, ನಿರುದ್ಯೋಗಗಳಲ್ಲಿ ರಕ್ತಸಂಬಂಧಿಗಳೇ ಬಹುಪಾಲು ಜನರಿಗೆ ಆಸರೆಯಾಗಿರುವ ಸಮಾಜಕ್ಕೆ ಇದನ್ನು ಇಡಿಯಾಗಿ ಅನ್ವಯಿಸಲಾಗದು.

ಇನ್ನೊಂದು ಕೊರತೆ ಹೆಚ್ಚು ಗಂಭೀರವಾದುದು. ಹಿಂದಿನ ಕುಟುಂಬದಲ್ಲಿ 'ನಾನು' ಎಂಬ ದನಿಯೇ ಇರಲಿಲ್ಲವೆಂಬ ಊಹೆ ಈ ಸಿದ್ಧಾಂತಗಳಲ್ಲಿ ಹಲವೆಡೆ ಅಡಗಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನವನ್ನು ಗಮನಿಸಿದವರು ಇದನ್ನು ಒಪ್ಪಲಾರರು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣು ತವರನ್ನು ಹಂಬಲಿಸುತ್ತಾಳೆ, ಅಣ್ಣನನ್ನು ಹರಸುತ್ತಾಳೆ, ಅತ್ತಿಗೆಯ ಬಿರುನುಡಿಯನ್ನು ತೂಗಿ ನೋಡುತ್ತಾಳೆ. ಅಲ್ಲಿರುವುದು ತನ್ನ ನೋವನ್ನು ತಾನೇ ಅರಿತ ವ್ಯಕ್ತಿತ್ವ. ಅವಳಿಗಿಲ್ಲದಿದ್ದುದು ಪಾಲು.

ಆ ಪಾಲು ಶಾಸನದ ಮೂಲಕ ತುಣುಕು ತುಣುಕಾಗಿ ದೊರೆಯಿತು. ಮೈಸೂರು ಸಂಸ್ಥಾನದ 1933ರ ಹಿಂದೂ ಮಹಿಳಾ ಹಕ್ಕುಗಳ ಕಾನೂನು ವಿಭಾಗದ ಸಂದರ್ಭದಲ್ಲಿ ಕೆಲವು ಸ್ತ್ರೀಯರಿಗೆ ಸೀಮಿತ ಪಾಲನ್ನು ಮಾನ್ಯ ಮಾಡಿತು. ಕರ್ನಾಟಕದ 1994ರ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಸಹದಾಯಾದಿಯಾಗಿಸಿದರೂ, ಅದಕ್ಕೂ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. 'ಕೊಟ್ಟ ಹೆಣ್ಣು' ಎಂಬ ಲೋಕರೂಢಿಯನ್ನು ಶಾಸನವೇ ಒಪ್ಪಿಕೊಂಡಂತಾಯಿತು! ಕೇಂದ್ರದ 2005ರ ತಿದ್ದುಪಡಿ ಈ ಭೇದವನ್ನು ತೊಡೆಯಿತು. ಆ ವೇಳೆಗೆ ತಂದೆ ಬದುಕಿರಬೇಕೆಂಬ ಷರತ್ತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು.

ಆದರೂ ಅಣ್ಣತಮ್ಮಂದಿರ ಪರವಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಒತ್ತಾಯಕ್ಕೆ ಮಣಿದವರು ಅವರಲ್ಲಿ ಉಂಟು. ಗಂಡನ ಮನೆಯಲ್ಲಿ ಕಷ್ಟ ಬಂದರೆ ತವರಿನ ಬಾಗಿಲು ತೆರೆದಿರಲಿ ಎಂದು ಲೆಕ್ಕಹಾಕಿ ಜಮೀನನ್ನು ಬಿಟ್ಟವರೂ ಉಂಟು. ಈ ಎರಡನೆಯವಳ ಸಹಿಯನ್ನು ಸಂಪ್ರದಾಯದ ಶರಣಾಗತಿಯೆಂದು ಬರೆದುಕೊಳ್ಳುವ ಸಿದ್ಧಾಂತವು, ಬೀಸುಕಲ್ಲಿನ ಮುಂದಿನ ದನಿಯನ್ನು ಕೇಳಿಸಿಕೊಳ್ಳದ ಹಾಗೆಯೇ ಅವಳ ಲೆಕ್ಕವನ್ನೂ ಕೇಳಿಸಿಕೊಂಡಿಲ್ಲ.