ಬಿದ್ದ ಹಾಲುಹಲ್ಲಿನ ಬಾಳು

ಸಗಣಿ ಉಂಡೆಯಲ್ಲಿಟ್ಟು ನಾವು ಮಾಡಿನ ಮೇಲೆಸೆಯುತ್ತಿದ್ದ ಹಾಲುಹಲ್ಲಿನೊಳಗೆ ಜೀವಂತ ಕಾಂಡಕೋಶಗಳು, ಅಂದರೆ ಬೇರೆಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶಗಳು, ಇರುತ್ತವೆ! 2003ರಲ್ಲಿ ಅಮೆರಿಕದಲ್ಲಿ ಸಾಂಗ್‌ಟಾವ್ ಶಿ ಅವರ ತಂಡ ಇದನ್ನು ತೋರಿಸಿತು.

ಹಲ್ಲಿನ ಇಂಥ ಕೋಶಗಳಿಂದ ಸತ್ತ ಹಲ್ಲಿಗೆ ಮತ್ತೆ ಜೀವ ತುಂಬಬಹುದೇ? ಮಾಮೂಲಿ ರೂಟ್ ಕೆನಾಲ್‌ನಲ್ಲಿ ಕೊಳೆತ ತಿರುಳನ್ನು ಕೆರೆದು, ಆ ಜಾಗಕ್ಕೆ ರಬ್ಬರಿನಂಥ ಗಟಾಪರ್ಚ ತುಂಬುತ್ತಾರೆ. ಹಲ್ಲು ಉಳಿಯುತ್ತದೆ, ಆದರೆ ಅದರೊಳಗೆ ರಕ್ತ ಹರಿಯುವುದಿಲ್ಲ. ಜಪಾನಿನ ಮಿಸಾಕೊ ನಕಶಿಮಾ ತಂಡ ಬೇರೆ ದಾರಿ ಹಿಡಿಯಿತು. ರೋಗಿಯದೇ ಬೇಡವಾದ ಹಲ್ಲಿನ ತಿರುಳಿನಿಂದ ಕಾಂಡಕೋಶ ಬೆಳೆಸಿ, ಕೊಲಾಜೆನ್ ಹಂದರದ ಜೊತೆ ಶುಚಿಗೊಳಿಸಿದ ಬೇರಿನೊಳಗಿಟ್ಟಿತು. ಬಳ್ಳಿಗೆ ಚಪ್ಪರವಿದ್ದಂತೆ ಕೋಶಗಳಿಗೆ ಈ ಹಂದರ.

2017ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿದ್ದವರು ಐದೇ ಜನ. ನಾಲ್ಕು ವಾರಗಳ ನಂತರ ನಾಲ್ವರ ಹಲ್ಲು ಸಂವೇದನೆ ನೋಡುವ ವಿದ್ಯುತ್ ಪರೀಕ್ಷೆಗೆ ಸ್ಪಂದಿಸಿತು.

ಸತ್ತ ಹಲ್ಲಿಗೆ ಸಂವೇದನೆ ಮರಳಿಸಿದ ಈ ಕೌಶಲ ನಿಜಕ್ಕೂ ದೊಡ್ಡದು.